ಧೂಳು, ಗಡಸು ನೀರು, ಗಿಡ್ಡ ಓಡಾಟ: ಬಯಲುಸೀಮೆಯಲ್ಲಿ ಕಾರನ್ನು 2 ಲಕ್ಷ ಕಿ.ಮೀ. ದಾಟಿಸುವ ಸಮಗ್ರ ಮಾರ್ಗದರ್ಶಿ

ಕರಾವಳಿಯಲ್ಲಿ ಹಳೆ ಕಾರು ಕೊಳ್ಳಲು ಹೋದವರು ಮೊದಲು ಬಗ್ಗಿ ಗಾಡಿಯ ತಳ ನೋಡುತ್ತಾರೆ, ತುಕ್ಕು ತಿಂದಿದೆಯಾ ಅಂತ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಗಾಡಿಗಳಿಗೆ ಆ ರೋಗ ಕಡಿಮೆ. ಇಲ್ಲಿ ಉಪ್ಪುಗಾಳಿ ಇಲ್ಲ, ಮಳೆಯೂ ಅಷ್ಟಕ್ಕಷ್ಟೆ. ಕೆಎ-06, ಕೆಎ-07, ಕೆಎ-40 ನಂಬರಿನ ಹದಿನೈದು ವರ್ಷದ ಕಾರುಗಳಲ್ಲಿ ಬಾಡಿ ಇನ್ನೂ ಗಟ್ಟಿ ಇರುತ್ತದೆ, ಕೈಕೊಡುವುದು ಎಂಜಿನ್. ಅದಕ್ಕೆ ಕಾರಣಗಳೂ ನಮ್ಮ ಕಡೆಯವೇ: ಕ್ವಾರಿ ಮತ್ತು ಕ್ರಷರಿನ ಧೂಳು, ರೇಡಿಯೇಟರಿಗೆ ಸುರಿದ ಬೋರ್ ನೀರು, ಎಂಜಿನ್ ಸರಿಯಾಗಿ ಕಾಯುವ ಮೊದಲೇ ಮುಗಿದುಹೋಗುವ ಎರಡು ಕಿ.ಮೀ. ಓಡಾಟ.

ಈ ಮೂರೂ ಒಂದೇ ದಿನ ಕಾರನ್ನು ಕೆಡಿಸುವುದಿಲ್ಲ. ವರ್ಷಗಟ್ಟಲೆ ಒಳಗೊಳಗೇ ತಿನ್ನುತ್ತವೆ, ಮತ್ತು ಆ ಸುಳಿವು ಎಷ್ಟೋ ಸಲ ಮೊದಲು ಸಿಗುವುದು ಮೈಲೇಜಿನಲ್ಲಿ. ಹಾಗಾಗಿ ಮೈಲೇಜನ್ನು ಪೆಟ್ರೋಲ್ ದುಡ್ಡಿನ ಲೆಕ್ಕವಾಗಿ ಮಾತ್ರ ನೋಡಬೇಡಿ. ತಿಂಗಳಿಗೊಮ್ಮೆ ಸರಿಯಾಗಿ ಅಳೆದು ಬರೆದಿಟ್ಟರೆ, ಎಂಜಿನ್ ಒಳಗೆ ಏನಾಗುತ್ತಿದೆ ಅನ್ನುವುದು ಬಾನೆಟ್ ತೆಗೆಯುವ ಮುಂಚೆಯೇ ಅರ್ಧ ಗೊತ್ತಾಗುತ್ತದೆ.

ಒಂದು ಕಾರು ಎಷ್ಟು ದೂರ ಬಾಳಬೇಕು? ಸರಿಯಾಗಿ ನೋಡಿಕೊಂಡ ಪೆಟ್ರೋಲ್ ಕಾರು ಎಂಜಿನ್ ಬಿಚ್ಚದೆ 2ರಿಂದ 2.5 ಲಕ್ಷ ಕಿ.ಮೀ. ಓಡಬೇಕು. ಡೀಸೆಲ್ ಕಾರು 2.5ರಿಂದ 3 ಲಕ್ಷ. ಅಮೆರಿಕದ ಇರ್ವ್ ಗೋರ್ಡನ್ ಎಂಬಾತ 1966ರ ವೋಲ್ವೋ ಪಿ1800 ಕಾರಿನಲ್ಲಿ 2013ರ ಹೊತ್ತಿಗೆ 30 ಲಕ್ಷ ಮೈಲಿ, ಅಂದರೆ ಸುಮಾರು 48 ಲಕ್ಷ ಕಿ.ಮೀ. ಮುಗಿಸಿದ್ದ. ಅದು ಅಪವಾದ ಬಿಡಿ. ಆದರೆ 1.2 ಲಕ್ಷಕ್ಕೇ ಹೊಗೆ ಉಗುಳುವ ಕಾರನ್ನು "ಹಳೇದಾಯ್ತು" ಅಂದರೆ ಒಪ್ಪಬೇಡಿ. ಅದು ವಯಸ್ಸಿನ ದೋಷವಲ್ಲ.

ಮೊದಲ ಕೆಲಸ: ಟ್ಯಾಂಕಿನಿಂದ ಟ್ಯಾಂಕಿಗೆ ಅಳೆಯುವುದು

ಡ್ಯಾಶ್‌ಬೋರ್ಡಿನ ಮೈಲೇಜು ಅಂಕಿ ಎಷ್ಟೋ ಕಾರುಗಳಲ್ಲಿ ನಿಜಕ್ಕಿಂತ ಸ್ವಲ್ಪ ಹೆಚ್ಚೇ ತೋರಿಸುತ್ತದೆ. 500 ರೂಪಾಯಿಗೆ ಹಾಕಿಸಿ "ಇಷ್ಟು ದಿನ ಬಂತು" ಅನ್ನುವುದಂತೂ ಲೆಕ್ಕವೇ ಅಲ್ಲ. ಹೀಗೆ ಮಾಡಿ:

1. ಒಂದೇ ಬಂಕು, ಸಾಧ್ಯವಾದರೆ ಒಂದೇ ಪಂಪು ಆರಿಸಿಕೊಳ್ಳಿ. ಗಾಡಿ ಸಮತಟ್ಟಾಗಿ ನಿಂತಿರಲಿ. ನಾಜಲ್ ತಾನಾಗಿ ಮೊದಲ ಸಲ ಕಟ್ ಆಗುವವರೆಗೆ ಹಾಕಿಸಿ ನಿಲ್ಲಿಸಿ. ಮೇಲಿನ ಚಿಲ್ಲರೆ ಸರಿ ಮಾಡಲು ಇನ್ನಷ್ಟು ತುಂಬಿಸಬೇಡಿ. ಹೆಚ್ಚಾದದ್ದು ಆವಿ ಹಿಡಿಯುವ ಇದ್ದಿಲ ಡಬ್ಬಿಗೆ ನುಗ್ಗಿ ಅದನ್ನು ಕೆಡಿಸುತ್ತದೆ.
2. ಟ್ರಿಪ್ ಮೀಟರನ್ನು ಸೊನ್ನೆಗೆ ತನ್ನಿ.
3. ಕನಿಷ್ಠ 300 ಕಿ.ಮೀ. ಮಾಮೂಲಿಯಂತೆ ಓಡಿಸಿ. ಲೆಕ್ಕಕ್ಕೆಂದು ನಾಜೂಕಾಗಿ ಓಡಿಸಿದರೆ ನಿಮಗೆ ನೀವೇ ಸುಳ್ಳು ಹೇಳಿಕೊಂಡ ಹಾಗೆ.
4. ಅದೇ ಪಂಪಿಗೆ ಬಂದು ಮತ್ತೆ ಮೊದಲ ಕಟ್‌ವರೆಗೆ ಹಾಕಿಸಿ. ಓಡಿದ ಕಿ.ಮೀ.ಯನ್ನು ಈಗ ಹಿಡಿದ ಲೀಟರಿನಿಂದ ಭಾಗಿಸಿ.

412 ಕಿ.ಮೀ. ಓಡಿ 24.3 ಲೀಟರ್ ಹಿಡಿದರೆ ಲೀಟರಿಗೆ 16.95 ಕಿ.ಮೀ. ತಾರೀಕು, ಓಡೋಮೀಟರ್, ಲೀಟರ್, ಮೈಲೇಜು ಇಷ್ಟನ್ನು ಗ್ಲೋವ್‌ಬಾಕ್ಸಿನ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಪಕ್ಕದಲ್ಲಿ "ಊರೊಳಗೆ" ಅಥವಾ "ಹೈವೇ" ಅಂತ ಸೇರಿಸಿ, ಇಲ್ಲದಿದ್ದರೆ ಎರಡು ತಿಂಗಳ ಅಂಕಿಗಳನ್ನು ಹೋಲಿಸಲು ಆಗುವುದಿಲ್ಲ.

ಜಾಹೀರಾತಿನ ಎಆರ್‌ಎಐ (ವಾಹನ ಪರೀಕ್ಷಿಸುವ ಸಂಸ್ಥೆ) ಮೈಲೇಜನ್ನು ಹಿಡಿದು ಕಾರನ್ನು ಬೈಯಬೇಡಿ. ಅದು ಪ್ರಯೋಗಾಲಯದಲ್ಲಿ, ಉರುಳೆಗಳ ಮೇಲೆ, ಎ.ಸಿ. ಆಫ್ ಮಾಡಿ ಅಳೆದದ್ದು. ರಸ್ತೆಯಲ್ಲಿ ಅದಕ್ಕಿಂತ ಕಾಲುಭಾಗ ಕಡಿಮೆ ಬಂದರೆ ಗಾಬರಿ ಬೇಡ. ನೋಡಬೇಕಾದದ್ದು ನಿಮ್ಮದೇ ಗಾಡಿಯ ಹಳೆಯ ಅಂಕಿಯನ್ನು. 17 ಕೊಡುತ್ತಿದ್ದದ್ದು ಅದೇ ದಾರಿಯಲ್ಲಿ ಸತತ ಎರಡು ಸಲ 15ಕ್ಕೆ ಇಳಿದರೆ ಕಾರಣ ಇದ್ದೇ ಇದೆ. ವರ್ಷಕ್ಕೆ 15,000 ಕಿ.ಮೀ. ಓಡುವವರಿಗೆ ಈ 2 ಕಿ.ಮೀ. ವ್ಯತ್ಯಾಸ ಅಂದರೆ ಸುಮಾರು 118 ಲೀಟರ್. ಲೀಟರಿಗೆ 102 ರೂಪಾಯಿ ಹಿಡಿದರೂ 12,000.

ರೇಡಿಯೇಟರಿಗೆ ಬೋರ್ ನೀರು ಹಾಕಬೇಡಿ

ನಮ್ಮ ಮೂರು ಜಿಲ್ಲೆಗಳಲ್ಲಿ ಅತಿ ಹೆಚ್ಚು ಎಂಜಿನ್ನುಗಳು ಅಕಾಲಕ್ಕೆ ಬಿಚ್ಚಿಸಿಕೊಳ್ಳುವುದು ಇಲ್ಲಿ ತಪ್ಪಿದ್ದಕ್ಕೆ ಅನ್ನುವುದು ನಮ್ಮ ಅಂದಾಜು. ಬಚ್ಚಲಮನೆಯ ವಾಟರ್ ಹೀಟರಿನ ಕಾಯಿಲ್ ತೆಗೆದು ನೋಡಿ, ಬೆರಳು ದಪ್ಪ ಬಿಳಿ ಸುಣ್ಣ ಕಟ್ಟಿರುತ್ತದೆ. ಕೋಲಾರದ ಆಳದ ಬೋರ್‌ವೆಲ್ ನೀರು ಎಷ್ಟು ಗಡಸು ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ನೀರಿನಲ್ಲಿ ಕರಗಿರುವ ಬೈಕಾರ್ಬೊನೇಟ್ ಕಾದಾಗ ಒಡೆದು ಸುಣ್ಣವಾಗಿ ಕೂರುತ್ತದೆ. ರೇಡಿಯೇಟರಿನ ಕೊಳವೆಗಳು ಒಂದೆರಡು ಮಿ.ಮೀ. ಸಂದಿನವು, ಅಲ್ಲಿ ಇದೇ ಕೆಲಸ ನಡೆದರೆ ನೀರು ಹರಿಯುವ ದಾರಿ ಮುಚ್ಚುತ್ತದೆ. ಸುಣ್ಣದ ಪದರ ಶಾಖವನ್ನೂ ಹೊರಗೆ ಬಿಡುವುದಿಲ್ಲ.

ಇನ್ನೊಂದು ವಿಷಯ ಹೆಚ್ಚಿನವರು ಯೋಚಿಸುವುದಿಲ್ಲ. ನಮ್ಮ ಮೂರು ಜಿಲ್ಲಾ ಕೇಂದ್ರಗಳೂ ಇರುವುದು ಸಮುದ್ರಮಟ್ಟದಿಂದ 800 ಮೀಟರಿಗಿಂತ ಎತ್ತರದಲ್ಲಿ. ಇಲ್ಲಿ ತೆರೆದ ಪಾತ್ರೆಯ ನೀರು 100ಕ್ಕಲ್ಲ, ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಎಂಜಿನ್ ಕೆಲಸ ಮಾಡುವ ಶಾಖವೇ 90ರ ಆಸುಪಾಸು. ನೀರಿಗೆ ಸಮಪಾಲು ಕೂಲೆಂಟ್ (ಎಂಜಿನ್ ತಂಪಿಡಲು ಅಂಗಡಿಯಲ್ಲಿ ಸಿಗುವ ಬಣ್ಣದ ದ್ರವ) ಬೆರೆಸಿ, ಒತ್ತಡ ಹಿಡಿಯುವ ಕ್ಯಾಪು ಗಟ್ಟಿಯಾಗಿದ್ದರೆ ಕುದಿಬಿಂದು 120ಕ್ಕೂ ಮೇಲೆ ಹೋಗುತ್ತದೆ. ಬರೀ ನೀರು ಹಾಕಿ, ಕ್ಯಾಪಿನ ರಬ್ಬರು ಸೀಳಿದ್ದರೆ ಏಪ್ರಿಲ್ ಬಿಸಿಲಲ್ಲಿ ಮಧುಗಿರಿ ದಾರಿಯ ಏರಿನಲ್ಲಿ ಗಾಡಿ ಉಸಿರು ಬಿಡುವುದು ಖಂಡಿತ.

ನಿಮ್ಮ ಕಾರಿನ ಒಳಗೆ ಏನಿದೆ ಅಂತ ನೋಡುವುದು ಸುಲಭ. ಬೆಳಿಗ್ಗೆ, ಎಂಜಿನ್ ಪೂರ್ತಿ ತಣ್ಣಗಿದ್ದಾಗ ರೇಡಿಯೇಟರ್ ಕ್ಯಾಪು ತೆಗೆಯಿರಿ. ಕೆಲವು ಕಾರುಗಳಲ್ಲಿ ಒತ್ತಡದ ಡಬ್ಬಿಗೇ ಕ್ಯಾಪು ಇರುತ್ತದೆ. ಬಾಯಿಯ ಒಳ ಅಂಚಿಗೆ ಬೆರಳು ಆಡಿಸಿ. ನುಣುಪಾಗಿದ್ದು ಬೆರಳಿಗೆ ಹಸಿರೋ ಕೆಂಪೋ ನೀಲಿಯೋ ಸ್ವಚ್ಛ ಬಣ್ಣ ಹತ್ತಿದರೆ ಸರಿ. ಬಿಳಿ ಹರಳು ಹರಳಾಗಿ ಹತ್ತಿದರೆ ಯಾರೋ ಬೋರ್ ನೀರು ಸುರಿದಿದ್ದಾರೆ. ಕಂದು ಕೆಸರಿನಂತಿದ್ದರೆ ಒಳಗೆ ತುಕ್ಕು ಶುರುವಾಗಿದೆ. ಹಾಲು ಬೆರೆಸಿದ ಕಾಫಿಯ ಹಾಗೆ ಇದ್ದರೆ ಆಯಿಲ್ ಸೇರಿದೆ, ಗಾಡಿ ಓಡಿಸಬೇಡಿ.

ಬದಲಿಸುವ ಕ್ರಮ ಹೀಗೆ. ಸಣ್ಣ ಕಾರಿಗೆ ಒಟ್ಟು 4ರಿಂದ 5 ಲೀಟರ್ ಹಿಡಿಯುತ್ತದೆ, ನಿಖರ ಅಳತೆ ಕೈಪಿಡಿಯಲ್ಲಿದೆ. ತಣ್ಣಗಿರುವಾಗ ರೇಡಿಯೇಟರಿನ ಕೆಳಗಿನ ಡ್ರೈನ್ ತಿರುಪು ಅಥವಾ ಕೆಳಗಿನ ಹೋಸ್ ಬಿಚ್ಚಿ ಹಳೆಯದನ್ನು ತಟ್ಟೆಗೆ ಇಳಿಸಿ. ಚರಂಡಿಗೆ, ಅಂಗಳಕ್ಕೆ ಚೆಲ್ಲಬೇಡಿ. ಕೂಲೆಂಟ್ ಸಿಹಿಯಾಗಿರುತ್ತದೆ, ನಾಯಿ, ದನ ನೆಕ್ಕಿದರೆ ಸಾಯುತ್ತವೆ. ಮುಚ್ಚಿ, ಡಿಸ್ಟಿಲ್ಡ್ ವಾಟರ್ ತುಂಬಿ, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ರೇಡಿಯೇಟರಿನ ಫ್ಯಾನು ತಾನಾಗಿ ಒಮ್ಮೆ ತಿರುಗಿ ನಿಲ್ಲುವವರೆಗೆ ಎಂಜಿನ್ ಓಡಿಸಿ. ಆರಲು ಬಿಟ್ಟು ಮತ್ತೆ ಇಳಿಸಿ. ತಿಳಿಯಾಗಿ ಬರುವವರೆಗೆ ಎರಡು ಮೂರು ಸಲ.

ಇಲ್ಲಿ ಬಹಳ ಗ್ಯಾರೇಜುಗಳು ಎಡವುತ್ತವೆ. ಡ್ರೈನ್ ಮಾಡಿದರೂ ಎಂಜಿನ್ ಬ್ಲಾಕಿನಲ್ಲಿ ಒಂದು ಲೀಟರಿಗಿಂತ ಹೆಚ್ಚು ನೀರು ಉಳಿಯುತ್ತದೆ. ಅದರ ಮೇಲೆ ಮೊದಲೇ ನೀರು ಬೆರೆಸಿದ ರೆಡಿಮಿಕ್ಸ್ ಕೂಲೆಂಟ್ ತುಂಬಿದರೆ ಅದು ಇನ್ನೂ ತೆಳುವಾಗುತ್ತದೆ. ತೊಳೆದ ಮೇಲೆ ಕಾನ್ಸಂಟ್ರೇಟ್, ಅಂದರೆ ನೀರು ಬೆರೆಸದ ಕೂಲೆಂಟ್ ಕೊಳ್ಳಿ. ಒಟ್ಟು ಅಳತೆಯ ಅರ್ಧದಷ್ಟನ್ನು ಮೊದಲು ಸುರಿದು, ಉಳಿದ ಜಾಗಕ್ಕೆ ಡಿಸ್ಟಿಲ್ಡ್ ವಾಟರ್ ಹಾಕಿ. ಬಣ್ಣ ನೋಡಿ ಒಂದಕ್ಕೊಂದು ಬೆರೆಸಬೇಡಿ. ಬಣ್ಣ ಕಂಪನಿಯವರ ಇಷ್ಟ, ಒಳಗಿನ ರಸಾಯನ ಬೇರೆ ಬೇರೆ, ಕೆಲವು ಬೆರೆತರೆ ಲೋಳೆ ಕಟ್ಟುತ್ತವೆ. ಕ್ಯಾಪು ತೆರೆದೇ ಎಂಜಿನ್ ಚಾಲು ಮಾಡಿ ಗಾಳಿ ಗುಳ್ಳೆ ನಿಲ್ಲುವವರೆಗೆ ಬಿಟ್ಟು, ಮಟ್ಟ ಸರಿಮಾಡಿ ಮುಚ್ಚಿ. ಮರುದಿನ ಬೆಳಿಗ್ಗೆ ಇನ್ನೊಮ್ಮೆ ನೋಡಿ, ಸ್ವಲ್ಪ ಇಳಿದೇ ಇರುತ್ತದೆ.

ದಾರಿಯಲ್ಲಿ ಶಾಖದ ಸೂಜಿ ಕೆಂಪಿಗೆ ಏರಿದರೆ "ಬಂಕಿನವರೆಗೆ ಹೋಗಿಬಿಡೋಣ" ಅನ್ನಬೇಡಿ. ಎ.ಸಿ. ಆಫ್, ಹೀಟರ್ ಪೂರ್ತಿ, ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಆಫ್. ಅರ್ಧ ಗಂಟೆಯಾದರೂ ಕ್ಯಾಪು ಮುಟ್ಟಬೇಡಿ. ಅಲ್ಯೂಮಿನಿಯಂ ಹೆಡ್ಡು ಮಿತಿಮೀರಿ ಕಾದರೆ ಸೊಟ್ಟಗಾಗುತ್ತದೆ, ಹೆಡ್ ಗ್ಯಾಸ್ಕೆಟ್ ಹೋಗುತ್ತದೆ. ಎರಡು ಕಿ.ಮೀ. ಆಸೆಗೆ ಹೆಡ್ ಬಿಚ್ಚಿಸುವ ಖರ್ಚು.

ಬೋರ್ ನೀರು ಬ್ಯಾಟರಿಗೂ ಬೇಡ, ವೈಪರ್ ನೀರಿನ ಡಬ್ಬಿಗೂ ಬೇಡ, ಅದರ ಸಣ್ಣ ತೂತು ಸುಣ್ಣದಿಂದ ಕಟ್ಟುತ್ತದೆ. ಕಾರು ತೊಳೆಯಲು ಪರವಾಗಿಲ್ಲ, ಆದರೆ ನೆರಳಿನಲ್ಲಿ ತೊಳೆದು ತಕ್ಷಣ ಒರೆಸಿ.

ಧೂಳು

ಚಿಕ್ಕಬಳ್ಳಾಪುರದ ಕ್ವಾರಿಗಳ ಸುತ್ತ, ಜಲ್ಲಿ ಲಾರಿಗಳ ಹಿಂದೆ, ಶಿರಾ–ಪಾವಗಡದ ಒಣ ಮಣ್ಣಿನ ದಾರಿಯಲ್ಲಿ ಓಡುವ ಕಾರು ಉಸಿರಾಡುವ ಗಾಳಿಯಲ್ಲಿ ಕಲ್ಲಿನ ಪುಡಿ ಇರುತ್ತದೆ. ಗ್ರಾನೈಟಿನ ಸ್ಫಟಿಕ ಕಣ ಎಂಜಿನ್ ಸಿಲಿಂಡರಿನ ಕಬ್ಬಿಣಕ್ಕಿಂತ ಗಡಸು. ಫಿಲ್ಟರು ದಾಟಿ ಒಳಗೆ ಹೋದರೆ ಪಿಸ್ಟನ್ ರಿಂಗಿಗೂ ಗೋಡೆಗೂ ನಡುವೆ ಸಾಣೆ ಪುಡಿಯ ಹಾಗೆ ಉಜ್ಜುತ್ತದೆ. ಮೊದಲು ಆಯಿಲ್ ಕಡಿಮೆಯಾಗತೊಡಗುತ್ತದೆ, ಆಮೇಲೆ ಸೈಲೆನ್ಸರಿನಲ್ಲಿ ನೀಲಿ ಹೊಗೆ.

ಏರ್ ಫಿಲ್ಟರ್ ಕಟ್ಟಿಕೊಂಡರೆ ಮೈಲೇಜು ಬೀಳುತ್ತದೆ ಅನ್ನುವುದು ಕಾರ್ಬುರೇಟರ್ ಕಾಲದ ಮಾತು. ಈಗಿನ ಇಂಜೆಕ್ಷನ್ ಪೆಟ್ರೋಲ್ ಎಂಜಿನ್ ಬರುವ ಗಾಳಿಯನ್ನು ಅಳೆದು ಅದಕ್ಕೆ ತಕ್ಕಷ್ಟೇ ಪೆಟ್ರೋಲ್ ಬಿಡುವುದರಿಂದ ಮೈಲೇಜು ಹೆಚ್ಚೇನೂ ಬದಲಾಗುವುದಿಲ್ಲ, ಪಿಕಪ್ ಕುಗ್ಗುತ್ತದೆ. ಹಾಗಾಗಿ ಫಿಲ್ಟರನ್ನು ಮೈಲೇಜಿಗಾಗಿ ಅಲ್ಲ, ಎಂಜಿನ್ ಆಯುಸ್ಸಿಗಾಗಿ ನೋಡಿ.

5,000 ಕಿ.ಮೀ.ಗೊಮ್ಮೆ, ಕ್ರಷರ್ ದಾರಿಯವರಾದರೆ ತಿಂಗಳಿಗೊಮ್ಮೆ, ಡಬ್ಬಿಯ ಕ್ಲಿಪ್ಪು ತೆಗೆಯಿರಿ. ಫಿಲ್ಟರಿನ ಒಂದು ಬದಿ ಕೆಂಪಗಿರುವುದು ಸಹಜ, ಅದರ ಕೆಲಸವೇ ಅದು. ನೋಡಬೇಕಾದದ್ದು ಎಂಜಿನ್ ಕಡೆಗೆ ಹೋಗುವ ಬದಿಯನ್ನು. ಒಂದು ಬಿಳಿ ಬಟ್ಟೆಯನ್ನು ಬೆರಳಿಗೆ ಸುತ್ತಿ ಆ ಬದಿಯ ಪೈಪಿನ ಒಳಗೆ ಒರೆಸಿ. ಬಟ್ಟೆಗೆ ಕೆಂಪು ಹತ್ತಿದರೆ ಧೂಳು ಫಿಲ್ಟರನ್ನು ತಪ್ಪಿಸಿ ಹೋಗುತ್ತಿದೆ: ಫಿಲ್ಟರ್ ಸರಿಯಾಗಿ ಕೂತಿಲ್ಲ, ಅಂಚಿನ ರಬ್ಬರು ಮಡಚಿದೆ, ಕ್ಲಿಪ್ಪು ಮುರಿದಿದೆ, ಇಲ್ಲವೇ ರಬ್ಬರ್ ಪೈಪು ಬಿರಿದಿದೆ. ಆ ದಿನವೇ ಸರಿಮಾಡಿ.

ಫಿಲ್ಟರಿಗೆ ಗಾಳಿ ಹೊಡೆಸುವಾಗ ಸ್ವಚ್ಛ ಬದಿಯಿಂದ ಕೊಳೆ ಬದಿಗೆ, ಒಂದಡಿ ದೂರದಿಂದ. ಪಂಚರ್ ಅಂಗಡಿಯ ಪೂರ್ತಿ ಒತ್ತಡದ ಗಾಳಿಯನ್ನು ಹತ್ತಿರದಿಂದ ಬಿಟ್ಟರೆ ಕಾಗದದಲ್ಲಿ ಕಣ್ಣಿಗೆ ಕಾಣದ ತೂತು ಬೀಳುತ್ತದೆ, ಫಿಲ್ಟರ್ ಇದ್ದೂ ಇಲ್ಲದ ಹಾಗೆ. ಎರಡು ಸಲಕ್ಕಿಂತ ಹೆಚ್ಚು ಊದಿ ಬಳಸಬೇಡಿ, ಹೊಸದು ಕೆಲವು ನೂರು ರೂಪಾಯಿ ಅಷ್ಟೆ.

ಆಯಿಲ್, ಗಿಡ್ಡ ಓಡಾಟ

ಕೈಪಿಡಿ 10,000 ಕಿ.ಮೀ. ಅಥವಾ ಒಂದು ವರ್ಷ ಅನ್ನುತ್ತದೆ. ಅದೇ ಕೈಪಿಡಿಯಲ್ಲಿ "ಕಠಿಣ ಬಳಕೆ" ಅಂತ ಇನ್ನೊಂದು ಪಟ್ಟಿ ಇರುತ್ತದೆ: ಧೂಳಿನ ರಸ್ತೆ, ಗಿಡ್ಡ ಓಡಾಟ, ಟ್ರಾಫಿಕ್ಕಿನಲ್ಲಿ ನಿಂತು ನಿಂತು ಸಾಗುವುದು. ನಮ್ಮ ಕಡೆಯ ಬಹುಪಾಲು ಕಾರುಗಳು ಆ ಪಟ್ಟಿಗೆ ಸೇರಿದವು. 5,000ದಿಂದ 7,500ರೊಳಗೆ ಬದಲಿಸಿ. ಸಣ್ಣ ಪೆಟ್ರೋಲ್ ಎಂಜಿನ್ನಿಗೆ 3ರಿಂದ 3.5 ಲೀಟರ್ ಸಾಕು. ಕೈಪಿಡಿ 0ಡಬ್ಲ್ಯೂ-20 (ಆಯಿಲ್ ಎಷ್ಟು ತೆಳು ಅನ್ನುವ ಗುರುತು) ಎಂದರೆ ಅದನ್ನೇ ಹಾಕಿ. "ಹಳೆ ಗಾಡಿಗೆ ದಪ್ಪ ಆಯಿಲ್ ಒಳ್ಳೇದು" ಎಂದು 20ಡಬ್ಲ್ಯೂ-50 ಸುರಿದರೆ ಚಳಿಗಾಲದ ಬೆಳಿಗ್ಗೆ ಮೇಲಿನ ಭಾಗಕ್ಕೆ ಆಯಿಲ್ ತಡವಾಗಿ ಏರುತ್ತದೆ, ಮೈಲೇಜೂ ತಗ್ಗುತ್ತದೆ. ಪ್ರತಿ ಸಲ ಆಯಿಲ್ ಫಿಲ್ಟರ್, ಡ್ರೈನ್ ಬೋಲ್ಟಿನ ವಾಷರ್ ಹೊಸದಾಗಿರಲಿ.

ಮಟ್ಟ ನೋಡುವುದು ಸಮತಟ್ಟು ಜಾಗದಲ್ಲಿ, ಎಂಜಿನ್ ಆರಿಸಿ ಹತ್ತು ನಿಮಿಷವಾದ ಮೇಲೆ. ಕಡ್ಡಿ ಎಳೆದು ಒರೆಸಿ, ಮತ್ತೆ ಹಾಕಿ ಎಳೆಯಿರಿ. ಮೊದಲ ಎಳೆತದ ಮಟ್ಟ ನಂಬುವಂಥದಲ್ಲ. ಎರಡು ಗುರುತಿನ ನಡುವೆ ಇರಬೇಕು. ಮೇಲಿನ ಗುರುತು ದಾಟಿಸಬೇಡಿ: ಕ್ರ್ಯಾಂಕು ಆಯಿಲನ್ನು ಕಡೆದು ನೊರೆ ಎಬ್ಬಿಸುತ್ತದೆ, ನೊರೆಗೆ ಬೇರಿಂಗನ್ನು ಕಾಪಾಡುವ ಶಕ್ತಿ ಇಲ್ಲ.

ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಸ್ಕೂಲಿಗೆ ಎರಡೆರಡು ಕಿ.ಮೀ. ಓಡುವ ಕಾರು ಹೈವೇ ಕಾರಿಗಿಂತ ಬೇಗ ಸೊರಗುತ್ತದೆ. ಸೂಜಿ ನಡುವಿಗೆ ಬಂದರೂ ಆಯಿಲ್ ಪೂರ್ತಿ ಕಾಯಲು ಇನ್ನೂ ಎಂಟು ಹತ್ತು ಕಿ.ಮೀ. ಬೇಕು. ಅಲ್ಲಿಯವರೆಗೆ ಸುಡದ ಪೆಟ್ರೋಲೂ ನೀರಿನ ಆವಿಯೂ ಆಯಿಲಿಗೆ ಇಳಿಯುತ್ತವೆ. ಆಯಿಲ್ ತುಂಬುವ ಮುಚ್ಚಳದ ಒಳಗೆ ಹಾಲಿನ ಕೆನೆಯಂಥ ನೊರೆ ಕಂಡರೆ, ಕೂಲೆಂಟ್ ಮಟ್ಟ ಇಳಿದಿಲ್ಲದಿದ್ದರೆ, ಅದು ಇದೇ. ವಾರಕ್ಕೊಮ್ಮೆ ತುಮಕೂರಿನವರು ಗುಬ್ಬಿಯವರೆಗೆ, ಕೋಲಾರದವರು ಮುಳಬಾಗಿಲಿನವರೆಗೆ ಹೋಗಿ ಬಂದರೆ ನೀರು ಆವಿಯಾಗಿ ಹೋಗುತ್ತದೆ.

ಬಿಎಸ್6 ಡೀಸೆಲ್ ಕಾರಿಗೆ ಇದು ಸಲಹೆಯಲ್ಲ, ಕಡ್ಡಾಯ. ಅದರ ಸೈಲೆನ್ಸರಿನ ಡಿಪಿಎಫ್ (ಹೊಗೆಯ ಮಸಿ ಸೋಸುವ ಫಿಲ್ಟರ್) ಹಿಡಿದಿಟ್ಟ ಮಸಿಯನ್ನು ತಾನೇ ಸುಡಬೇಕಾದರೆ 60 ಕಿ.ಮೀ. ಮೇಲಿನ ವೇಗದಲ್ಲಿ, ಸುಮಾರು 2,000 ಆರ್‌ಪಿಎಂನಲ್ಲಿ 20 ನಿಮಿಷ ಓಟ ಬೇಕು. ಡ್ಯಾಶ್‌ಬೋರ್ಡಿನಲ್ಲಿ ಡಿಪಿಎಫ್ ದೀಪ ಹತ್ತಿದ ಮೇಲೂ ಊರೊಳಗೇ ಸುತ್ತಿದರೆ ಶೋರೂಮಿನಲ್ಲಿ ಬಲವಂತದ ಸುಡುವಿಕೆ, ಅದೂ ಆಗದಿದ್ದರೆ ಇಡೀ ಡಿಪಿಎಫ್ ಬದಲು. ಊರೊಳಗೆ ಮಾತ್ರ ಓಡುವವರು ಡೀಸೆಲ್ ಕೊಳ್ಳದಿರುವುದೇ ಲೇಸು.

ಟೈರಿಗೆ ಗಾಳಿ

ಎಷ್ಟು ಹಾಕಬೇಕು ಅನ್ನುವುದು ಡ್ರೈವರ್ ಬಾಗಿಲಿನ ಕಂಬಕ್ಕೆ ಅಂಟಿಸಿದ ಚೀಟಿಯಲ್ಲಿದೆ, ಟೈರಿನ ಮೇಲೆ ಬರೆದಿರುವುದು ಗರಿಷ್ಠ ಮಿತಿ. ಹದಿನೈದು ದಿನಕ್ಕೊಮ್ಮೆ, ಎರಡು ಮೂರು ಕಿ.ಮೀ.ಗಿಂತ ಹೆಚ್ಚು ಓಡುವ ಮೊದಲು ನೋಡಿ. ಗಾಳಿ 1 ಪಿಎಸ್‌ಐ ಇಳಿದರೆ ಮೈಲೇಜಿಗೆ ಬೀಳುವ ಪೆಟ್ಟು ಶೇ. 0.2ರಷ್ಟು ಮಾತ್ರ, ಜನ ಹೇಳುವಷ್ಟಲ್ಲ. ದೊಡ್ಡ ನಷ್ಟ ಟೈರಿನದು: ಎರಡೂ ಅಂಚು ಸವೆದು, ಹೈವೇಯಲ್ಲಿ ಮಗ್ಗುಲು ಕಾದು ಒಡೆಯುತ್ತದೆ. 10,000 ಕಿ.ಮೀ.ಗೊಮ್ಮೆ ಹಿಂದು ಮುಂದು ಮಾಡಿಸಿ. ಮಗ್ಗುಲ ಮೇಲಿನ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ. 2319 ಅಂದರೆ 2019ರ 23ನೇ ವಾರ. ನಮ್ಮ ಬಿಸಿಲಿಗೆ ಆರು ವರ್ಷ ದಾಟಿದ ಟೈರು, ಪಟ್ಟಿ ಉಳಿದಿದ್ದರೂ, ಹೈವೇಗೆ ಬೇಡ. ಸ್ಟೆಪ್ನಿಗೂ ಇದೇ ಲೆಕ್ಕ.

ಓಡಿಸುವ ಕೈ

ತುಮಕೂರಿನಿಂದ ಬೆಂಗಳೂರಿಗೆ 70 ಕಿ.ಮೀ. ದಾರಿ ಖಾಲಿ ಇದ್ದರೆ 80ರಲ್ಲಿ 52 ನಿಮಿಷ, 100ರಲ್ಲಿ 42. ಆ ಹತ್ತು ನಿಮಿಷಕ್ಕೆ ಕೊಡುವ ಬೆಲೆ: ಗಾಳಿಯ ತಡೆ ವೇಗದ ವರ್ಗದ ಲೆಕ್ಕದಲ್ಲಿ ಏರುವುದರಿಂದ ಒಂದೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ. ಅದರ ಅರ್ಧ ಲಾಭವನ್ನು ಕ್ಯಾತ್ಸಂದ್ರ ಟೋಲಿನ ಸಾಲೋ ನೆಲಮಂಗಲದ ಟ್ರಾಫಿಕ್ಕೋ ವಾಪಸ್ ಕಿತ್ತುಕೊಳ್ಳುತ್ತದೆ. ಹೆಚ್ಚಿನ ಕಾರುಗಳು ಟಾಪ್ ಗೇರಿನಲ್ಲಿ 60ರಿಂದ 80ರ ನಡುವೆ ಅತಿ ಹೆಚ್ಚು ಮೈಲೇಜು ಕೊಡುತ್ತವೆ.

ಶ್ರೀನಿವಾಸಪುರದ ಮಾವಿನ ಕಾಲದಲ್ಲಿ ಕಟ್ಟಿಸಿದ ಮೇಲಿನ ಕ್ಯಾರಿಯರನ್ನು ದೀಪಾವಳಿಯವರೆಗೂ ಹೊತ್ತು ತಿರುಗುವವರಿದ್ದಾರೆ. ಖಾಲಿ ಕ್ಯಾರಿಯರೂ ಗಾಳಿಗೆ ಅಡ್ಡ ನಿಲ್ಲುತ್ತದೆ, ನಾಲ್ಕು ಬೋಲ್ಟು ಬಿಚ್ಚಿ ಇಳಿಸಿ.

ನಂದಿಬೆಟ್ಟವೋ ದೇವರಾಯನದುರ್ಗವೋ ಇಳಿಯುವಾಗ ನ್ಯೂಟ್ರಲ್ ಹಾಕಿದರೆ ಪೆಟ್ರೋಲ್ ಉಳಿಯುತ್ತದೆ ಅನ್ನುವುದು ಬಲವಾಗಿ ಬೇರೂರಿದ ತಪ್ಪು. ಇಂಜೆಕ್ಷನ್ ಎಂಜಿನ್ ಗೇರಿನಲ್ಲಿದ್ದು, ಎಕ್ಸಲರೇಟರಿನಿಂದ ಕಾಲು ತೆಗೆದಾಗ, ಕಂಪ್ಯೂಟರು ಇಂಜೆಕ್ಟರನ್ನು ಪೂರ್ತಿ ಮುಚ್ಚುತ್ತದೆ. ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ, ಪೆಟ್ರೋಲ್ ಖರ್ಚು ಸೊನ್ನೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಆರದಿರಲು ಪೆಟ್ರೋಲ್ ಬೇಕೇ ಬೇಕು. ಜೊತೆಗೆ ಇಡೀ ಭಾರ ಬ್ರೇಕಿನ ಮೇಲೆ: ಪ್ಯಾಡು ಕಾದು ವಾಸನೆ ಬಂದು ಬ್ರೇಕು ಹಿಡಿಯದಾಗುತ್ತದೆ. ಎರಡನೇ ಗೇರಿನಲ್ಲಿ ಇಳಿಯಿರಿ, ಬ್ರೇಕನ್ನು ಸತತ ಒತ್ತದೆ ಆಗಾಗ ಒತ್ತಿ ಬಿಡಿ.

ಮೇಲಿನ ಗೇರಿಗೆ ಪೆಟ್ರೋಲ್ ಕಾರು 2,000–2,500 ಆರ್‌ಪಿಎಂಗೆ, ಡೀಸೆಲ್ 1,800–2,000ಕ್ಕೆ. ಆದರೆ ಏರಿನಲ್ಲಿ ಟಾಪ್ ಗೇರ್ ಹಿಡಿದು ಗಾಡಿ ಗುಡುಗುಡು ಎನ್ನುವಂತೆ ಎಳೆಸಬೇಡಿ. ಹಾಫ್ ಕ್ಲಚ್ಚಿನಲ್ಲಿ ಕಾಲಿಟ್ಟು ಓಡಿಸುವವರ ಕ್ಲಚ್ 40,000ಕ್ಕೇ ಮುಗಿಯುತ್ತದೆ, ಬಿಟ್ಟು ಓಡಿಸುವವರದು ಲಕ್ಷ ದಾಟುತ್ತದೆ. ಒಂದು ನಿಮಿಷಕ್ಕಿಂತ ಹೆಚ್ಚು ನಿಲ್ಲುವುದಿದ್ದರೆ ಎಂಜಿನ್ ಆರಿಸಿ. ಟರ್ಬೊ ಗಾಡಿ ಹೈವೇ ಓಟದಿಂದ ಬಂದಿದ್ದರೆ ಮಾತ್ರ ಅರ್ಧ ನಿಮಿಷ ಓಡಲು ಬಿಟ್ಟು ಆಮೇಲೆ.

ಪೆಟ್ರೋಲ್ ಮತ್ತು ಬಂಕು

ಈಗ ಬಂಕಿನಲ್ಲಿ ಸಿಗುವುದು ಶೇ. 20 ಎಥನಾಲ್ ಬೆರೆತ ಇ20. ಲೀಟರ್ ಎಥನಾಲ್‌ನಲ್ಲಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗ ಶಕ್ತಿ ಕಡಿಮೆ. ಹಾಗಾಗಿ ಹಿಂದಿನ ಇ10ಕ್ಕೆ ಹೋಲಿಸಿದರೆ ಲೀಟರಿನ ಶಕ್ತಿ ಶೇ. 3ರಿಂದ 4 ಇಳಿದಿದೆ. ನೋಟ್‌ಬುಕ್ಕಿನ ಹಳೆ ಅಂಕಿ 17 ಇದ್ದದ್ದು 16.4 ಆಗಿದ್ದರೆ ಗಾಡಿಯ ತಪ್ಪಲ್ಲ. 2023ರ ಏಪ್ರಿಲ್‌ಗೂ ಹಿಂದಿನ ಕಾರುಗಳಲ್ಲಿ ಪೆಟ್ರೋಲ್ ಪೈಪಿನ ರಬ್ಬರು, ಇಂಜೆಕ್ಟರಿನ ಓ-ರಿಂಗುಗಳನ್ನು ಪ್ರತಿ ಸರ್ವೀಸಿನಲ್ಲೂ ಒಮ್ಮೆ ನೋಡಿಸಿ. ಬಿರುಕು, ಜಿನುಗು, ವಾಸನೆ ಇದ್ದರೆ ಬದಲಿಸಿ. ತಿಂಗಳುಗಟ್ಟಲೆ ನಿಲ್ಲಿಸುವುದಿದ್ದರೆ ಟ್ಯಾಂಕು ತುಂಬಿ ನಿಲ್ಲಿಸಿ, ಎಥನಾಲ್ ತೇವ ಹೀರುತ್ತದೆ.

ಸದಾ ರಿಸರ್ವ್‌ನಲ್ಲಿ ಓಡಿಸಬೇಡಿ. ಪಂಪು ಟ್ಯಾಂಕಿನ ಒಳಗಿದೆ, ಪೆಟ್ರೋಲೇ ಅದನ್ನು ತಂಪಾಗಿಡುವುದು.

500ರ ಬದಲು 510ಕ್ಕೆ ಹಾಕಿಸಿದರೆ ಹೆಚ್ಚು ಬರುತ್ತದೆ, ಬೆಳಗಿನ ಜಾವ ಹಾಕಿಸಿದರೆ ಗಟ್ಟಿ ಪೆಟ್ರೋಲ್ ಸಿಗುತ್ತದೆ ಅನ್ನುವುದೆಲ್ಲ ಸುಮ್ಮನೆ. ಟ್ಯಾಂಕು ನೆಲದಡಿ ಇರುವುದರಿಂದ ಶಾಖ ಹೆಚ್ಚೇನೂ ಬದಲಾಗದು. ಅನುಮಾನ ಬಂದರೆ ಬಂಕಿನಲ್ಲೇ ಇರುವ 5 ಲೀಟರಿನ ಮೊಹರು ಮಾಪಕದಲ್ಲಿ ಅಳೆದು ತೋರಿಸಲು ಕೇಳಿ, ಅದು ನಿಮ್ಮ ಹಕ್ಕು. 25 ಮಿ.ಲೀ. ಹೆಚ್ಚುಕಡಿಮೆ ಮಿತಿಯೊಳಗೆ.

ಮೈಲೇಜು ಬಿದ್ದಾಗ ಹುಡುಕುವ ಕ್ರಮ

ಕಾಸಿಲ್ಲದ ಪರೀಕ್ಷೆ ಮೊದಲು, ದುಬಾರಿಯದು ಕೊನೆಗೆ. ಗ್ಯಾರೇಜಿಗೆ ಹೋಗಿ "ಮೈಲೇಜ್ ಬರ್ತಿಲ್ಲ" ಅಂದರೆ ಇಂಜೆಕ್ಟರ್ ಕ್ಲೀನಿಂಗ್, ಪ್ಲಗ್ ಬದಲು ಅಂತ ಬಿಲ್ಲು ಬೆಳೆಯುತ್ತದೆ, ಕಾಯಿಲೆ ಅಲ್ಲೇ ಇರುತ್ತದೆ.

ಗಾಳಿ ಸರಿ ಇದೆಯಾ ನೋಡಿದ ಮೇಲೆ ಬ್ರೇಕಿಗೆ ಬನ್ನಿ. ಹತ್ತು ಕಿ.ಮೀ. ಓಡಿಸಿ, ಕೊನೆಯಲ್ಲಿ ಆದಷ್ಟು ಬ್ರೇಕ್ ಒತ್ತದೆ ನಿಲ್ಲಿಸಿ, ಪ್ರತಿ ಚಕ್ರದ ಹತ್ತಿರ ಅಂಗೈ ಹಿಡಿಯಿರಿ, ಮುಟ್ಟಬೇಡಿ. ಒಂದು ಮಾತ್ರ ಬೇರೆಯವಕ್ಕಿಂತ ಝಳ ಹೊಡೆಯುತ್ತಿದ್ದರೆ ಆ ಬ್ರೇಕು ಕಚ್ಚಿಕೊಂಡಿದೆ. ಜಾಕ್ ಎತ್ತಿ ಕೈಯಿಂದ ತಿರುಗಿಸಿದರೆ ಖಚಿತವಾಗುತ್ತದೆ. ಕ್ಯಾಲಿಪರಿನ (ಬ್ರೇಕ್ ಪ್ಯಾಡು ಒತ್ತುವ ಭಾಗ) ಪಿನ್ನುಗಳಿಗೆ ಮಣ್ಣು ಹಿಡಿದು ಗ್ರೀಸ್ ಒಣಗಿರುವುದೇ ಸಾಮಾನ್ಯ ಕಾರಣ, ಬಿಚ್ಚಿ ತೊಳೆದು ಬ್ರೇಕಿನ ಗ್ರೀಸ್ ಹಚ್ಚಿದರೆ ಸಾಕು.

ಆಮೇಲೆ ಕ್ಲಚ್. ನಾಲ್ಕನೇ ಗೇರಿನಲ್ಲಿ 50ಕ್ಕೆ ಓಡುವಾಗ ಎಕ್ಸಲರೇಟರ್ ಪೂರ್ತಿ ಒತ್ತಿ. ಆರ್‌ಪಿಎಂ ಸೂಜಿ ಜಿಗಿದು ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ.

ಮುಂದಿನದನ್ನು ಎಷ್ಟೋ ಮೆಕ್ಯಾನಿಕ್‌ಗಳೂ ಮರೆಯುತ್ತಾರೆ: ಥರ್ಮೋಸ್ಟಾಟ್, ಅಂದರೆ ಎಂಜಿನ್ ಬಿಸಿಯಾಗುವವರೆಗೆ ರೇಡಿಯೇಟರಿನ ಕಡೆ ನೀರು ಹೋಗದಂತೆ ತಡೆಯುವ ಬಾಗಿಲು. ಅದು ತೆರೆದೇ ಸಿಕ್ಕಿಕೊಂಡರೆ, ಅಥವಾ "ಗಾಡಿ ಹೀಟ್ ಆಗುತ್ತೆ" ಅಂತ ಯಾರಾದರೂ ತೆಗೆದು ಬಿಸಾಕಿದ್ದರೆ, ಎಂಜಿನ್ ತನ್ನ ಶಾಖಕ್ಕೆ ಬರುವುದೇ ಇಲ್ಲ. ಎಂಜಿನ್ ಇನ್ನೂ ತಣ್ಣಗಿದೆ ಅಂದುಕೊಂಡ ಕಂಪ್ಯೂಟರು ಪೆಟ್ರೋಲ್ ಜಾಸ್ತಿ ಬಿಡುತ್ತಲೇ ಇರುತ್ತದೆ. ಹೈವೇಯಲ್ಲಿ ಸೂಜಿ ನಡುವಿಗಿಂತ ಕೆಳಕ್ಕೆ ಇಳಿದರೆ ಇದೇ ಗುರುತು.

ಇಷ್ಟಾದರೂ ಸಿಗದಿದ್ದರೆ ಸಾವಿರ ರೂಪಾಯಿಯೊಳಗೆ ಸಿಗುವ ಬ್ಲೂಟೂತ್ ಒಬಿಡಿ ಸ್ಕ್ಯಾನರನ್ನು (ಕಾರಿನ ಕಂಪ್ಯೂಟರಿನ ಅಂಕಿ ಓದುವ ಸಾಧನ) ಸ್ಟೇರಿಂಗ್ ಕೆಳಗಿನ ಸಾಕೆಟ್ಟಿಗೆ ಚುಚ್ಚಿ, ಮೊಬೈಲಿನಲ್ಲಿ ಎರಡು ಅಂಕಿ ನೋಡಿ. ಕೂಲೆಂಟ್ ಶಾಖ 85ರಿಂದ 100ರೊಳಗೆ ಇರಬೇಕು. ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್, ಅಂದರೆ ಕಂಪ್ಯೂಟರು ಪೆಟ್ರೋಲನ್ನು ಶೇಕಡಾ ಎಷ್ಟು ಏರಿಸಿದೆ ಇಲ್ಲವೇ ಇಳಿಸಿದೆ ಅನ್ನುವ ಅಂಕಿ, ಹತ್ತರೊಳಗೆ, ಹೆಚ್ಚೋ ಕಡಿಮೆಯೋ, ಇದ್ದರೆ ಸರಿ. ಅದು +15, +20 ಇದ್ದರೆ ಎಲ್ಲೋ ಅಳತೆಗೆ ಸಿಗದ ಗಾಳಿ ನುಗ್ಗುತ್ತಿದೆ, ಇಲ್ಲವೇ ಪೆಟ್ರೋಲ್ ಒತ್ತಡ ಸಾಲದು. −15 ಇದ್ದರೆ ಇಂಜೆಕ್ಟರ್ ಸೋರುತ್ತಿದೆ ಅಥವಾ ಸೆನ್ಸರ್ ತಪ್ಪು ಹೇಳುತ್ತಿದೆ. ಲಕ್ಷ ಕಿ.ಮೀ. ದಾಟಿದ ಆಕ್ಸಿಜನ್ ಸೆನ್ಸರು ನಿಧಾನವಾಗಿರುವುದುಂಟು.

ಪ್ಲಗ್ ಬಿಚ್ಚಿದರೆ ತುದಿ ನೋಡದೆ ಬಿಸಾಕಬೇಡಿ. ತಿಳಿ ಕಂದು ಆರೋಗ್ಯ. ಒಣ ಮಸಿ ಇದ್ದರೆ ಪೆಟ್ರೋಲ್ ಹೆಚ್ಚಾಗಿದೆ. ಜಿಡ್ಡು ಕಪ್ಪಾದರೆ ಆಯಿಲ್ ಒಳಗೆ ಬರುತ್ತಿದೆ, ಮೇಲೆ ಹೇಳಿದ ಧೂಳಿನ ಕಥೆ. ಮಾಮೂಲಿ ಪ್ಲಗ್ 30–40 ಸಾವಿರ ಕಿ.ಮೀ. ಬಾಳುತ್ತದೆ, ಇರಿಡಿಯಂ ಪ್ಲಗ್ ಲಕ್ಷದವರೆಗೆ.

ಮರೆತುಹೋಗುವ ಚೂರುಪಾರು

ಟೈಮಿಂಗ್ ಚೈನಿದೆಯೋ ಬೆಲ್ಟಿದೆಯೋ ತಿಳಿದುಕೊಳ್ಳಿ. ಬೆಲ್ಟಾದರೆ ಕೈಪಿಡಿ ಹೇಳಿದ ಕಿ.ಮೀ. ದಾಟಿಸಬೇಡಿ, ತುಂಡಾದರೆ ಹೆಚ್ಚಿನ ಎಂಜಿನ್ನುಗಳಲ್ಲಿ ಪಿಸ್ಟನ್ ವಾಲ್ವಿಗೆ ಗುದ್ದುತ್ತದೆ. ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ. ಬ್ಯಾಟರಿ, ಗಾಡಿ ರಾತ್ರಿಯೆಲ್ಲ ನಿಂತ ಮೇಲೆ 12.6 ವೋಲ್ಟ್, ಎಂಜಿನ್ ಓಡುವಾಗ 13.8ರಿಂದ 14.4. ಹಳ್ಳಿ ಮನೆಯಲ್ಲಿ ಹುಲ್ಲಿನ ಬಣವೆ ಪಕ್ಕ ನಿಲ್ಲಿಸಿದರೆ ಇಲಿಗಳು ವೈರು ಕಡಿಯುತ್ತವೆ. ಜಾಗ ಬದಲಿಸುವುದೇ ಮದ್ದು, ರಾತ್ರಿ ಬಾನೆಟ್ ಎತ್ತಿಡುವುದೂ ಕೆಲಸ ಮಾಡುತ್ತದೆ.

ಹದಿನೈದು ವರ್ಷ ತುಂಬಿದಾಗ

ಡೀಸೆಲ್‌ಗೆ 10, ಪೆಟ್ರೋಲ್‌ಗೆ 15 ವರ್ಷ ಅನ್ನುವ ನಿಷೇಧ ದೆಹಲಿ ಸುತ್ತಮುತ್ತಲಿಗೆ ಸಂಬಂಧಿಸಿದ್ದು, ಕರ್ನಾಟಕಕ್ಕಲ್ಲ. ಇಲ್ಲಿ ಆರ್‌ಸಿ 15 ವರ್ಷಕ್ಕೆ ಮುಗಿದರೆ ಗಾಡಿ ತಪಾಸಣೆಯಾಗಿ 5 ವರ್ಷಕ್ಕೆ ನವೀಕರಣವಾಗುತ್ತದೆ. ಅರ್ಜಿ ನಮೂನೆ 25, ಅವಧಿ ಮುಗಿಯುವ ಮುಂಚಿನ 60 ದಿನದೊಳಗೆ ಹಾಕಬಹುದು. ಕಾರಿನ ನವೀಕರಣ ಶುಲ್ಕ 2022ರ ಏಪ್ರಿಲ್ 1ರಿಂದ 5,000 ರೂಪಾಯಿ, ತಡ ಮಾಡಿದರೆ ತಿಂಗಳಿಗೆ 500 ಹೆಚ್ಚುವರಿ. 20 ವರ್ಷ ದಾಟಿದ ಕಾರಿಗೆ 2025ರಲ್ಲಿ ಅದನ್ನು 10,000 ಮಾಡಿದ್ದಾರೆ. ಹಸಿರು ತೆರಿಗೆ ಬೇರೆ. ಇನ್ಶೂರೆನ್ಸ್, ಹೊಗೆ ತಪಾಸಣೆ ಪತ್ರ ಚಾಲ್ತಿಯಲ್ಲಿರಬೇಕು.

ಆರ್‌ಟಿಒಗೆ ಹೋಗುವ ವಾರ ಮುಂಚೆ ಚಾಸಿ ನಂಬರ್ ಕೊರೆದಿರುವ ಜಾಗ ಹುಡುಕಿ. ಬಾನೆಟ್ ಒಳಗಿನ ಹಿಂಗೋಡೆಯಲ್ಲೋ ಮುಂದಿನ ಸೀಟಿನಡಿಯಲ್ಲೋ ಇರುತ್ತದೆ. ಅಲ್ಲಿನ ಜಿಡ್ಡು ಧೂಳನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ, ಕಾಗದ ಇಟ್ಟು ಪೆನ್ಸಿಲ್ ಉಜ್ಜಿ, ಎಲ್ಲ ಅಕ್ಷರವೂ ಮೂಡುತ್ತದೆಯಾ ನೋಡಿ. ಮೂಡದಿದ್ದರೆ ಮರಳುಕಾಗದದಿಂದ ಉಜ್ಜಲು ಹೋಗಬೇಡಿ. ನಂಬರು ಸವೆದರೆ ಗಾಡಿ ಎಷ್ಟೇ ಚೆನ್ನಾಗಿದ್ದರೂ ಇನ್‌ಸ್ಪೆಕ್ಟರು ವಾಪಸ್ ಕಳಿಸುತ್ತಾರೆ. ಹಲ್ಲುಜ್ಜುವ ಹಳೆ ಬ್ರಷ್ಷು ಸಾಕು.